ವಿಂಡೋಸ್ 11ಕ್ಕ ಹೋದ ಮ್ಯಾಲ ಶೇರ್ ಫೋಲ್ಡರ್ ತೆರೀವಲ್ದು: ಪಿಂಗ್ ಬರತೈತಿ, ಫೈಲ್ ಬರವಲ್ದು

ಬನಹಟ್ಟಿ ಡಿಸೈನ್:

ಸೀರಿ ಡಿಸೈನ್ ಆಫೀಸಿನ ಸೆಟಪ್ ಹಿಂಗೈತಿ. ಕಂಪ್ಯೂಟರ್ ನಾಲ್ಕು, ಎರಡು ಡಿಸ್ಕಿನ ಹಳೇ ನ್ಯಾಸ್ ಒಂದು (ಎಲ್ಲಾರೂ ಫೈಲ್ ಇಡೋ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗಿ, ಐಪಿ ವಿಳಾಸ 192.168.1.50), ನಡಕ 8 ಪೋರ್ಟಿನ ಸ್ವಿಚ್. ಜಕಾರ್ಡ್ ಮಗ್ಗಕ್ಕ ಹೋಗೋ ಬಿಎಂಪಿ (ಚಿತ್ರದ) ಫೈಲ್ ಎಲ್ಲಾ ನ್ಯಾಸ್‌ನ ‘ಡಿಸೈನ್’ ಫೋಲ್ಡರಿನಾಗ ಅದಾವು. ಅದಕ್ಕ ಪಾಸ್‌ವರ್ಡ್ ಇಟ್ಟಿಲ್ಲ, ಯಾರು ಒತ್ತಿದ್ರೂ ತೆರಕೋತಿತ್ತು. ವಿಂಡೋಸ್ 10ರ ಸಪೋರ್ಟ್ 14 ಅಕ್ಟೋಬರ್ 2025ಕ್ಕ ಮುಗೀತಲ್ಲ, ಹಂಗಾಗಿ ಮೂರು ಕಂಪ್ಯೂಟರಿಗೆ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ ಹಾಕೇವಿ. ಒಂದು ಇನ್ನೂ 10ರ ಮ್ಯಾಲ ಐತಿ.

ಈಗ 10ರ ಕಂಪ್ಯೂಟರಿನಾಗ ಫೋಲ್ಡರ್ ಮೊದಲಿನಂಗ ತೆರೀತೈತಿ. 11ರ ಎರಡರಾಗ ‘ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶ ತಡೀತೈತಿ’ ಅನ್ನೋ ಅರ್ಥದ ಸಂದೇಶ. ಮೂರನೇದರಾಗ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’, ಕೋಡ್ 80070035. ಮೂರರಿಂದಲೂ ಪಿಂಗ್ (ನ್ಯಾಸ್ ಉತ್ತರ ಕೊಡತೈತೇನು ಅನ್ನೋ ಪರೀಕ್ಷೆ) ಹೋಗತೈತಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡೇವಿ, ಏನೂ ಫರಕ್ ಬೀಳಲಿಲ್ಲ. ವಿಂಡೋಸ್ ಫೀಚರ್ಸ್‌ನಾಗ ಎಸ್‌ಎಂಬಿ 1ಕ್ಕ (ನೆಟ್‌ವರ್ಕಿನಾಗ ಫೈಲ್ ಹಂಚೋ ಪದ್ಧತಿಯ ಹಳೇ ಆವೃತ್ತಿ) ಟಿಕ್ ಹಾಕಿದ್ರ ಆಗತೈತಿ ಅಂತಾರ. ಹಾಕಬೇಕೇನ್ರಿ?

ವಿಜಯಪುರ ಸರ್ವೀಸ್:

ಬ್ಯಾಡ್ರಿ ಸರ. ಮೊದಲ ಫೈರ್‌ವಾಲ್ ವಾಪಸ್ ಆನ್ ಮಾಡ್ರಿ, ಈ ತ್ರಾಸಿಗೂ ಅದಕ್ಕೂ ಸಂಬಂಧ ಇಲ್ಲ.

ನೀವು ಬರದಿದ್ದರಾಗ ಎರಡು ಬ್ಯಾರೆ ಬ್ಯಾರೆ ದೋಷ ಅದಾವು, ಒಂದರಾಗ ಒಂದು ಕಲಸಬ್ಯಾಡ್ರಿ. ಗೆಸ್ಟ್ ತಡೆ ಅನ್ನೋ ಸಂದೇಶ ಬಂತಂದ್ರ ಕಂಪ್ಯೂಟರು ನ್ಯಾಸ್ ತನಕ ಮುಟ್ಟೈತಿ, ಇಬ್ಬರೂ ಮಾತಾಡ್ಯಾರ, ಆಮ್ಯಾಲ ವಿಂಡೋಸು ‘ಹೆಸರು ಹೇಳದವರ ಜೋಡಿ ನಾ ವ್ಯವಹಾರ ಮಾಡೂದಿಲ್ಲ’ ಅಂದೈತಿ. ಈ ತಡೆ ಎಸ್‌ಎಂಬಿ 2 ಮತ್ತು 3ಕ್ಕ ಸಂಬಂಧಪಟ್ಟಿದ್ದು. ಅಂದ್ರ ನಿಮ್ಮ ನ್ಯಾಸ್‌ಗೆ ಎಸ್‌ಎಂಬಿ 2 ಆದ್ರೂ ಬರತೈತಿ ಅಂತ ಈ ಸಂದೇಶನ ಸಾಕ್ಷಿ. ಎಸ್‌ಎಂಬಿ 1 ಹಾಕಿದ್ರ ಉಪಯೋಗ ಇಲ್ಲ, ಅಪಾಯ ಮಾತ್ರ ಬರತೈತಿ. 2017ರ ಮೇ ತಿಂಗಳಾಗ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ರೊಕ್ಕ ಕೇಳೋ ವೈರಸ್) ಹಬ್ಬಿದ್ದು ಅದ ಎಸ್‌ಎಂಬಿ 1ರ ತೂತಿನಾಗ ಹಾದು. ಅದ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನ ಹಾಕಿ ಕೊಡೂದ ನಿಲ್ಲಿಸ್ಯಾರ.

24ಎಚ್2 ಪ್ರೊದಾಗ ಬದಲಾಗಿದ್ದು ಮುಖ್ಯವಾಗಿ ಎರಡು. ಒಂದು, ಗೆಸ್ಟ್ ಆಗಿ ಹೋಗೂದು ಬಂದ್. ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗೆ ಇದು 2017ರಿಂದನ ಇತ್ತು, ಈಗ ಪ್ರೊಗೂ ಬಂತು. ಎರಡನೇದು, ಹೋಗೋ ಬರೋ ಪ್ರತಿ ಪ್ಯಾಕೆಟ್ಟಿಗೆ ಸಹಿ, ಅಂದ್ರ ಸೈನಿಂಗ್, ಕಡ್ಡಾಯ. ಸಹಿ ಹಾಕೋ ಕೀಲಿ ಹುಟ್ಟೂದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡ ಇಲ್ಲ, ಹಂಗಾಗಿ ಕೀಲಿನೂ ಇಲ್ಲ, ಸಹಿನೂ ಇಲ್ಲ.

ಅದಕ್ಕ ಪರಿಹಾರ ನ್ಯಾಸ್‌ನಾಗ ಮಾಡ್ರಿ, ವಿಂಡೋಸಿನಾಗಲ್ಲ. ಬ್ರೌಸರಿನಾಗ ನ್ಯಾಸ್‌ನ ವಿಳಾಸ ಹಾಕಿ ಅಡ್ಮಿನ್ ಆಗಿ ಒಳಗ ಹೋಗ್ರಿ. ಯೂಸರ್ಸ್‌ನಾಗ ಕಂಪ್ಯೂಟರಿಗೊಂದರಂಗ ನಾಲ್ಕು ಹೆಸರು ಮಾಡ್ರಿ, ಇಂಗ್ಲಿಷ್ ಸಣ್ಣ ಅಕ್ಷರ, ನಡಕ ಸ್ಪೇಸ್ ಇಲ್ಲದಂಗ. ಡಿಸೈನ್ ಫೋಲ್ಡರಿಗೆ ಆ ನಾಲ್ಕಕ್ಕೂ ಓದೂ ಬರಿಯೂ ಹಕ್ಕು ಕೊಡ್ರಿ. ಆಮ್ಯಾಲ ‘ಗೆಸ್ಟ್’ ಅಥವಾ ‘ಪಬ್ಲಿಕ್’ ಅನ್ನೋದನ್ನ ತೆಗೀರಿ. ಇದನ್ನ ತೆಗೀದ ಹೋದ್ರ, ಹೆಸರು ತಪ್ಪು ಟೈಪ್ ಆದಾಗ ನ್ಯಾಸು ಸುಮ್ಮನ ಗೆಸ್ಟ್ ಅಂತ ಒಳಗ ಕರಕೋತೈತಿ, ವಿಂಡೋಸು ಮತ್ತ ಅದ ಸಂದೇಶ ತೋರಿಸ್ತೈತಿ. ಪಾಸ್‌ವರ್ಡ್ ಸರಿ ಐತಿ ಅಂದ್ರೂ ಬರವಲ್ದು ಅನ್ನಾವರದು ಬಹಳಷ್ಟು ಇದ ಇರತೈತಿ.

ಅದ ಪುಟದಾಗ ಎಸ್‌ಎಂಬಿ ಅಥವಾ ‘ವಿಂಡೋಸ್ ಫೈಲ್ ಸರ್ವಿಸ್’ ಅನ್ನೋ ಜಾಗದಾಗ ಕನಿಷ್ಠ ಪ್ರೋಟೋಕಾಲ್ ಎಸ್‌ಎಂಬಿ 2, ಗರಿಷ್ಠ ಎಸ್‌ಎಂಬಿ 3 ಇಡ್ರಿ. ಫರ್ಮ್‌ವೇರ್ (ನ್ಯಾಸ್ ಒಳಗಿನ ಸಾಫ್ಟ್‌ವೇರ್) ಹೊಸಾದು ಬಂದಿದ್ರ ಮೊದಲ ಅದನ್ನ ಹಾಕ್ರಿ. ಅದಕ್ಕಿಂತ ಮೊದಲ ಡಿಸೈನ್ ಫೋಲ್ಡರಿನ ಕಾಪಿ ಒಂದು ಹೊರಗಿನ ಡಿಸ್ಕಿಗೆ ತಕ್ಕೋರಿ.

ಬನಹಟ್ಟಿ ಡಿಸೈನ್:

ನ್ಯಾಸ್‌ನಾಗ ಹೆಸರು ಮಾಡಿ, ಗೆಸ್ಟ್ ತೆಗದ್ವಿ. ಒಂದು ಕಂಪ್ಯೂಟರ್ ಸರಿ ಹೋತು. ಇನ್ನೊಂದರಾಗ ಡ್ರೈವ್ ಮ್ಯಾಪ್ ಮಾಡಾಕ (ಶೇರ್ ಫೋಲ್ಡರಿಗೆ ಡ್ರೈವ್ ಅಕ್ಷರ ಕೊಡಾಕ) ಹೋದ್ರ 1219 ಅಂತ ಬರತೈತಿ, ಒಂದಕ್ಕಿಂತ ಹೆಚ್ಚು ಹೆಸರಿನಿಂದ ಕನೆಕ್ಷನ್ ಆಗೂದಿಲ್ಲ ಅಂತ. ಮೂರನೇದು ಇನ್ನೂ 80070035.

ಟಿಳಕವಾಡಿ ನೆಟ್‌ವರ್ಕ್:

1219 ಸುಲಭ. ಒಂದು ವಿಂಡೋಸ್ ಲಾಗಿನ್‌ನಿಂದ ಒಂದು ಸರ್ವರ್‌ಗೆ ಒಂದೇ ಹೆಸರಿನಲ್ಲಿ ಹೋಗಬಹುದು. ಹಳೆಯ ಪ್ರಯತ್ನದ ಕನೆಕ್ಷನ್ ಇನ್ನೂ ಜೀವಂತವಾಗಿದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ನೀವು ಟೈಪ್ ಮಾಡುವುದು ಇಂಗ್ಲಿಷಿನಲ್ಲಿ.

ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಎಂದು ಹಾಕಿ. ಯಾವ ಯಾವ ಕನೆಕ್ಷನ್ ಇವೆ ಎಂದು ಪಟ್ಟಿ ಬರುತ್ತದೆ. ಆಮೇಲೆ ‘ನೆಟ್ ಯೂಸ್ * /ಡಿಲೀಟ್’. ಅದು ಎಲ್ಲ ಮ್ಯಾಪ್ ಮಾಡಿದ ಡ್ರೈವ್‌ಗಳನ್ನೂ ತೆಗೆಯುತ್ತದೆ, ಹಾಗಾಗಿ ಯಾವ ಅಕ್ಷರ ಯಾವ ಫೋಲ್ಡರ್ ಎಂದು ಮೊದಲೇ ಒಂದು ಕಾಗದದಲ್ಲಿ ಬರೆದುಕೊಳ್ಳಿ. ನಂತರ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್, ಅದರಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್. ನ್ಯಾಸ್‌ನ ಹೆಸರಲ್ಲೋ ಐಪಿಯಲ್ಲೋ ಇರುವ ಹಳೆಯ ನಮೂದು ಅಳಿಸಿ. ಹೆಸರಿಗೊಂದು, ಐಪಿಗೊಂದು ಬೇರೆ ಬೇರೆ ನಮೂದು ಇರಬಹುದು, ಎರಡನ್ನೂ ನೋಡಿ. ಒಮ್ಮೆ ಲಾಗ್ ಔಟ್ ಆಗಿ ಬಂದು ಮತ್ತೆ ಮ್ಯಾಪ್ ಮಾಡಿ.

ಮೂರನೆಯ ಕಂಪ್ಯೂಟರಿನಲ್ಲಿ ನ್ಯಾಸ್ ತೆರೆಯುವುದು ಹೆಸರಿನಿಂದಲೋ ಐಪಿಯಿಂದಲೋ? ಪಿಂಗ್ ಮಾಡಿದ್ದು ಯಾವುದಕ್ಕೆ? ಇದೇ ಮುಖ್ಯ ಪ್ರಶ್ನೆ. ಪಿಂಗ್ ಬಂತು ಎಂದರೆ ತಂತಿ ಸರಿ ಇದೆ ಎಂದಷ್ಟೇ ಅರ್ಥ. ಫೈಲ್ ಶೇರಿಂಗ್ ನಡೆಯುವುದು ಟಿಸಿಪಿ 445ನೇ ಪೋರ್ಟಿನಲ್ಲಿ. ಪವರ್‌ಶೆಲ್‌ನಲ್ಲಿ ಹೀಗೆ ಹಾಕಿ: ‘ಟೆಸ್ಟ್-ನೆಟ್‌ಕನೆಕ್ಷನ್ 192.168.1.50 -ಪೋರ್ಟ್ 445’. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ದಾರಿ ತೆರೆದಿದೆ, ತೊಂದರೆ ಹೆಸರಿನದು. ಫಾಲ್ಸ್ ಬಂದರೆ ನಡುವೆ ಯಾರೋ ತಡೆಯುತ್ತಿದ್ದಾರೆ: ಪ್ರತ್ಯೇಕವಾಗಿ ಹಾಕಿಸಿದ ಆ್ಯಂಟಿವೈರಸ್, ನ್ಯಾಸ್‌ನ ಸ್ವಂತ ಫೈರ್‌ವಾಲ್, ಇಲ್ಲವೇ ಆ ಕಂಪ್ಯೂಟರ್ ವೈಫೈನಲ್ಲಿದ್ದರೆ ರೌಟರಿನ ಗೆಸ್ಟ್ ವೈಫೈ.

ಬನಹಟ್ಟಿ ಡಿಸೈನ್:

ಟ್ರೂ ಬಂತ್ರಿ. ಪಿಂಗ್ ಮಾಡಿದ್ದು ಐಪಿಗೆ, ತೆರೀತಿದ್ದದ್ದು ಹೆಸರಿನಿಂದ. ಐಪಿ ಹಾಕಿದ್ರ ತೆರೀತು. ಹೆಸರು ಮಾತ್ರ ಯಾಕ ಬರವಲ್ದು?

ಟಿಳಕವಾಡಿ ನೆಟ್‌ವರ್ಕ್:

ಹಳೆಯ ಸಾಧನಗಳು ತಮ್ಮ ಹೆಸರು ಸಾರುವುದು ನೆಟ್‌ಬಯೋಸ್‌ನಲ್ಲಿ, ಅಂದರೆ 137ರಿಂದ 139ರ ಪೋರ್ಟುಗಳಲ್ಲಿ. ಎಕ್ಸ್‌ಪ್ಲೋರರಿನ ‘ನೆಟ್‌ವರ್ಕ್’ ಪಟ್ಟಿ ಮೊದಲು ಅದರ ಮೇಲೇ, ಎಸ್‌ಎಂಬಿ 1ರ ಜೊತೆಯಲ್ಲಿ ನಡೆಯುತ್ತಿತ್ತು. ಈಗ ಆ ಪಟ್ಟಿ ತುಂಬುವುದು ಡಬ್ಲ್ಯೂಎಸ್-ಡಿಸ್ಕವರಿಯಿಂದ, ಅದರ ಪೋರ್ಟು ಯುಡಿಪಿ 3702. ನಿಮ್ಮ ನ್ಯಾಸ್‌ಗೆ ಅದು ಗೊತ್ತಿಲ್ಲದಿದ್ದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಪಟ್ಟಿಯಲ್ಲಿ ಹುಡುಕುವ ರೂಢಿ ಬಿಟ್ಟು, ರೌಟರಿನ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ) ಪುಟದಲ್ಲಿ ನ್ಯಾಸ್‌ನ ಮ್ಯಾಕ್ ವಿಳಾಸಕ್ಕೆ (ಅದರ ಲ್ಯಾನ್ ಕಾರ್ಡಿನ ಗುರುತು) 192.168.1.50 ಅನ್ನು ಕಾಯಂ ಮಾಡಿ, ಎಲ್ಲ ಕಡೆ \\192.168.1.50 ಎಂದೇ ಮ್ಯಾಪ್ ಮಾಡಿ. ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ವಿಳಾಸ ಕೊಟ್ಟು ಎಲ್ಲ ಡ್ರೈವ್ ಒಮ್ಮೆಲೇ ಕೆಂಪು ಗುರುತು ತೋರಿಸುವುದೂ ಇದರಿಂದ ನಿಲ್ಲುತ್ತದೆ.

ವಿಂಡೋಸ್ ಕಂಪ್ಯೂಟರುಗಳೇ ಒಂದಕ್ಕೊಂದು ಪಟ್ಟಿಯಲ್ಲಿ ಕಾಣದಿದ್ದರೆ ಮಾತ್ರ ಸರ್ವಿಸಸ್ ತೆರೆದು ನೋಡಿ. ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’, ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಇವೆರಡೂ ನಡೆಯುತ್ತಿರಬೇಕು, ಸ್ಟಾರ್ಟಪ್ ಆಟೊಮ್ಯಾಟಿಕ್ ಇರಲಿ. ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಇದ್ದರೆ ‘ಪ್ರೈವೇಟ್’ ಮಾಡಿ. ಲ್ಯಾನ್ ಕಾರ್ಡಿನ ಡ್ರೈವರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್‌ಗೆ ಹಾಕಿಬಿಡುತ್ತದೆ.

ಖಡೇಬಜಾರ ಕಂಪ್ಯೂಟರ್:

ಇಷ್ಟೆಲ್ಲಾ ಯಾಕ? ಪವರ್‌ಶೆಲ್ ಅಡ್ಮಿನ್ ಆಗಿ ತೆರದು ಎರಡು ಕಮಾಂಡ್ ಕೊಟ್ರ ಒಂದ ನಿಮಿಷದ ಕೆಲಸ: ಗೆಸ್ಟ್ ಲಾಗಾನ್ ಆನ್, ಸೈನಿಂಗ್ ಕಡ್ಡಾಯ ಆಫ್. ನ್ಯಾಸ್ ಮುಟ್ಟೂದ ಬ್ಯಾಡ.

ವಿಜಯಪುರ ಸರ್ವೀಸ್:

ಆಗತೈತಿ ಖರೆ, ಆದ್ರ ಏನು ಬಿಟ್ಟು ಕೊಡಾಕತ್ತೀರಿ ಅನ್ನೋದು ತಿಳದು ಮಾಡಬೇಕ್ರಿ. ಆ ಎರಡು ಸೆಟ್ಟಿಂಗ್ ಒಂದು ನ್ಯಾಸ್‌ಗೆ ಅಂತ ಇರೂದಿಲ್ಲ, ಆ ಕಂಪ್ಯೂಟರು ಹೋಗೋ ಎಲ್ಲಾ ಸರ್ವರಿಗೂ ಅನ್ವಯ. ಲ್ಯಾಪ್‌ಟಾಪ್ ಇದ್ರ ಬಸ್‌ಸ್ಟ್ಯಾಂಡಿನ ವೈಫೈ ಮ್ಯಾಲೂ ಹಂಗ ಇರತೈತಿ. ಸಹಿ ಇಲ್ಲಂದ್ರ ಅದ ಲ್ಯಾನಿನಾಗ ಕುಂತ ಯಾವುದರ ಕೆಟ್ಟ ಮಶೀನು ‘ನಾನ ನ್ಯಾಸ್’ ಅಂತ ನಡಕ ನಿಂದ್ರಬಹುದು, ಫೈಲ್ ಬದಲಿಸಿ ಕೊಡಬಹುದು. ಗೆಸ್ಟ್‌ಗೆ ಬರಿಯೂ ಹಕ್ಕಿದ್ರ ರಾನ್ಸಮ್‌ವೇರ್ ಬಂದ ದಿನ ಅದಕ್ಕ ಪಾಸ್‌ವರ್ಡ್ ಹುಡುಕೋ ಕೆಲಸನೂ ಇಲ್ಲ. ಸೀರಿ ಡಿಸೈನ್ ಫೈಲ್ ಅಂದ್ರ ಆ ಆಫೀಸಿನ ಪೂರಾ ಬಂಡವಾಳ, ಅದನ್ನ ಹಂಗ ಬಯಲಿನಾಗ ಇಡಬಾರದು.

ಹೆಸರು-ಪಾಸ್‌ವರ್ಡ್ ಇಡಾಕ ಬರದಂಥಾ ಹಳೇ ಡಬ್ಬಿ ಇದ್ದು, ಅದರಾಗಿನ ಫೈಲ್ ಹೊರಗ ತಗೀಬೇಕು ಅನ್ನೂವಾಗ ಮಾತ್ರ ಒಂದು ಕಂಪ್ಯೂಟರಿನಾಗ, ಒಂದು ದಿನಕ್ಕ ಮಾಡ್ರಿ. ‘ಸೆಟ್-ಎಸ್‌ಎಂಬಿಕ್ಲೈಂಟ್‌ಕಾನ್ಫಿಗರೇಶನ್’ ಅನ್ನೂ ಕಮಾಂಡಿಗೆ ‘-ಎನೇಬಲ್‌ಇನ್‌ಸೆಕ್ಯೂರ್‌ಗೆಸ್ಟ್‌ಲಾಗಾನ್ಸ್ $ಟ್ರೂ’, ಮತ್ತ ‘-ರಿಕ್ವೈರ್‌ಸೆಕ್ಯೂರಿಟಿಸಿಗ್ನೇಚರ್ $ಫಾಲ್ಸ್’. ಎರಡೂ ಬೇಕು. ಗೆಸ್ಟ್ ಅಷ್ಟ ಆನ್ ಮಾಡಿ ಸೈನಿಂಗ್ ಕಡ್ಡಾಯ ಹಂಗ ಬಿಟ್ರ ಗೆಸ್ಟ್ ಆಗೂದಿಲ್ಲ. ಕಾಪಿ ಮುಗಿದ ಮ್ಯಾಲ ಟ್ರೂ ಇದ್ದದ್ದನ್ನ ಫಾಲ್ಸ್, ಫಾಲ್ಸ್ ಇದ್ದದ್ದನ್ನ ಟ್ರೂ ಮಾಡಿ ವಾಪಸ್ ಇಡ್ರಿ.

ಯಾವ ಕಾರಣಕ್ಕ ತಡದೈತಿ ಅಂತ ಅನುಮಾನ ಇದ್ರ ಈವೆಂಟ್ ವ್ಯೂವರ್ ನೋಡ್ರಿ: ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಎಸ್‌ಎಂಬಿಕ್ಲೈಂಟ್, ಸೆಕ್ಯೂರಿಟಿ. ಅಲ್ಲಿ 31017 ಇದ್ರ ಅದು ಗೆಸ್ಟ್ ತಡೆ. ‘ಕ್ರಿಪ್ಟೋಗ್ರಾಫಿಕ್ ಸಿಗ್ನೇಚರ್ ಸರಿ ಇಲ್ಲ’ ಅಂತ ಸಂದೇಶ ಬಂದ್ರ ನ್ಯಾಸ್‌ನಾಗ ಸೈನಿಂಗ್ ಬಂದ್ ಮಾಡಿಟ್ಟಾರ, ಅಲ್ಲಿ ಆನ್ ಮಾಡ್ರಿ.

ರೌಟರಿನ ಯುಎಸ್‌ಬಿ ಪೋರ್ಟಿಗೆ ಹಾರ್ಡ್ ಡಿಸ್ಕ್ ಚುಚ್ಚಿ ಶೇರ್ ಮಾಡಿದವರಿಗೆ ಒಂದು ಮಾತು. ಹಳೇ ರೌಟರ್‌ಗಳೊಳಗ ಬಹಳಷ್ಟಕ್ಕ ಎಸ್‌ಎಂಬಿ 1 ಬಿಟ್ಟು ಬ್ಯಾರೆ ಬರೂದಿಲ್ಲ. ಅದಕ್ಕ ರಿಪೇರಿ ಇಲ್ಲ, ಡಿಸ್ಕ್ ಕಿತ್ತು ಯಾವುದರ ಕಂಪ್ಯೂಟರಿಗೆ ಹಾಕಿ ಅಲ್ಲಿಂದ ಶೇರ್ ಮಾಡ್ರಿ.

ಬಾಗಲಕೋಟೆ ಲೆಕ್ಕಪತ್ರ:

ನ್ಯಾಸ್ ಇಲ್ಲದೇ ಒಂದು ವಿಂಡೋಸ್ 11 ಪ್ರೊ ಕಂಪ್ಯೂಟರಿನಿಂದಲೇ ಟ್ಯಾಲಿ ಡೇಟಾ ಶೇರ್ ಮಾಡುವವರಿಗೆ ಬೇರೆ ತೊಡಕುಗಳಿವೆ. ಇಲ್ಲಿ ನವನಗರದ ಕಡೆ ಹೆಚ್ಚಿನ ಅಂಗಡಿಗಳ ಸೆಟಪ್ ಇದೇ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್‌ಗ್ರೇಡ್ ಆದಮೇಲೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಬಂದು ಪಿನ್ ಇಟ್ಟುಕೊಂಡಿರುತ್ತಾರೆ. ಬೇರೆ ಕಂಪ್ಯೂಟರಿನಿಂದ ಶೇರ್ ತೆರೆದಾಗ ಹೆಸರು-ಪಾಸ್‌ವರ್ಡ್ ಕೇಳುತ್ತದೆ, ಪಿನ್ ಹಾಕುತ್ತಾರೆ, ಆಗುವುದಿಲ್ಲ. ಪಿನ್ ಆ ಒಂದು ಕಂಪ್ಯೂಟರಿಗಷ್ಟೇ ಸೇರಿದ್ದು, ನೆಟ್‌ವರ್ಕಿನಲ್ಲಿ ನಡೆಯದು. ಶೇರ್‌ಗೆಂದೇ ಒಂದು ಲೋಕಲ್ ಖಾತೆ ಮಾಡುವುದು ಒಳ್ಳೆಯದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ‘ಲೆಕ್ಕ’ ಎಂಬ ಅರ್ಥದ ಯಾವುದಾದರೂ ಇಂಗ್ಲಿಷ್ ಹೆಸರಿನ ಯೂಸರ್ ಮಾಡಿ, ‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ಗೆ ಟಿಕ್ ಹಾಕಿ. ‘ನೆಟ್ ಯೂಸರ್’ ಕಮಾಂಡಿನಿಂದ ಮಾಡಿದರೆ ಆ ಟಿಕ್ ಇರುವುದಿಲ್ಲ, 42 ದಿನಕ್ಕೆ ಪಾಸ್‌ವರ್ಡಿನ ಅವಧಿ ಮುಗಿದು ಒಂದು ಬೆಳಗ್ಗೆ ಎಲ್ಲ ಕಂಪ್ಯೂಟರಿನಲ್ಲೂ ಡೇಟಾ ನಿಲ್ಲುತ್ತದೆ. ಪಾಸ್‌ವರ್ಡ್ ಖಾಲಿ ಬಿಡಬೇಡಿ. ಖಾಲಿ ಪಾಸ್‌ವರ್ಡಿನ ಖಾತೆ ಆ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವಂತಿಲ್ಲ ಎಂಬುದು ವಿಂಡೋಸಿನ ಹಳೆಯ ನಿಯಮ.

ಹಕ್ಕು ಎರಡು ಕಡೆ ಕೊಡಬೇಕು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಶೇರಿಂಗ್’ ಟ್ಯಾಬಿನ ಹಕ್ಕು ಬೇರೆ, ‘ಸೆಕ್ಯೂರಿಟಿ’ ಟ್ಯಾಬಿನ ಹಕ್ಕು ಬೇರೆ, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಕಂಪನಿ ತೆರೆಯುತ್ತದೆ, ಎಂಟ್ರಿ ಸೇವ್ ಆಗುವುದಿಲ್ಲ ಎಂದರೆ ಒಂದು ಕಡೆ ಫುಲ್, ಇನ್ನೊಂದು ಕಡೆ ರೀಡ್ ಇದೆ ಎಂದು ತಿಳಿಯಿರಿ. ಬೇರೆ ಕಂಪ್ಯೂಟರಿನಿಂದ ಲಾಗಿನ್ ಕೊಡುವಾಗ ಹೆಸರಿನ ಮುಂದೆ ಸರ್ವರ್ ಕಂಪ್ಯೂಟರಿನ ಹೆಸರು, ಒಂದು \ ಗುರುತು, ಆಮೇಲೆ ಯೂಸರ್ ಹೆಸರು ಹಾಕಿ.

ಮ್ಯಾಪ್ ಮಾಡಿದ ಡ್ರೈವ್ ಎಕ್ಸ್‌ಪ್ಲೋರರಿನಲ್ಲಿ ಕಾಣುತ್ತದೆ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದ ಪ್ರೋಗ್ರಾಮಿನಲ್ಲಿ ಕಾಣುವುದಿಲ್ಲ. ಅಡ್ಮಿನ್ ಆಗಿ ತೆರೆದದ್ದು ಬೇರೆ ಲಾಗಿನ್ ಎಂದೇ ವಿಂಡೋಸ್ ಲೆಕ್ಕ ಹಿಡಿಯುತ್ತದೆ, ಆ ಲಾಗಿನ್‌ನಲ್ಲಿ ಡ್ರೈವ್ ಮ್ಯಾಪ್ ಆಗಿರುವುದಿಲ್ಲ. ಡ್ರೈವ್ ಅಕ್ಷರದ ಬದಲು ಡೇಟಾ ಪಾತ್‌ನಲ್ಲಿ \\ಐಪಿ\ಫೋಲ್ಡರ್ ಎಂದೇ ಕೊಡಿ, ಸಾಧ್ಯವಿದ್ದರೆ ಅಡ್ಮಿನ್ ಆಗಿ ತೆರೆಯುವುದನ್ನೇ ಬಿಡಿ. ಇನ್ನು ವಿಂಡೋಸ್ ಪ್ರೊದಿಂದ ಶೇರ್ ಮಾಡಿದರೆ ಒಮ್ಮೆಗೆ 20 ಕನೆಕ್ಷನ್ನಿಗಿಂತ ಹೆಚ್ಚು ತಗೊಳ್ಳುವುದಿಲ್ಲ.

ಜಮಖಂಡಿ ಲ್ಯಾಬ್:

ಹೆಸರು ಸರಿ, ಪಾಸ್‌ವರ್ಡ್ ಸರಿ, ಗೆಸ್ಟ್ ಇಲ್ಲ, 445 ಟ್ರೂ. ಆದ್ರೂ ಒಂದು ವಿಂಡೋಸ್ 11ರಿಂದ ಇನ್ನೊಂದಕ್ಕ ಹೋದ್ರ ಪಾಸ್‌ವರ್ಡ್ ತಪ್ಪು ಅಂತ ಮತ್ತ ಮತ್ತ ಕೇಳತೈತಿ. 12 ಕಂಪ್ಯೂಟರ್ ಅದಾವು, ಸೆಪ್ಟೆಂಬರ್ 2025ರ ಅಪ್‌ಡೇಟ್ ಕುಂತ ಮ್ಯಾಲ ಇದು ಸುರು. ಒಂದ ಕಂಪ್ಯೂಟರ್ ತಯಾರ ಮಾಡಿ ಅದರ ಡಿಸ್ಕನ್ನ ಕ್ಲೋನ್ ಮಾಡಿ ಎಲ್ಲಾಕ್ಕೂ ಹಾಕಿದ್ದು.

ಟಿಳಕವಾಡಿ ನೆಟ್‌ವರ್ಕ್:

ಕಾರಣ ಕೊನೆಯ ವಾಕ್ಯದಲ್ಲೇ ಇದೆ. ಪ್ರತಿ ವಿಂಡೋಸ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಎಸ್‌ಐಡಿ. ಸಿಸ್‌ಪ್ರೆಪ್ (ಕ್ಲೋನ್‌ಗೆ ಮುಂಚೆ ಆ ಸಂಖ್ಯೆ ತೆಗೆಯುವ ವಿಂಡೋಸಿನ ಸಾಧನ) ಮಾಡದೆ ಕ್ಲೋನ್ ಮಾಡಿದರೆ ಹನ್ನೆರಡಕ್ಕೂ ಒಂದೇ ಸಂಖ್ಯೆ. ಮೊದಲು ವಿಂಡೋಸ್ ಇದನ್ನು ಸಹಿಸಿಕೊಳ್ಳುತ್ತಿತ್ತು. 29 ಆಗಸ್ಟ್ 2025ರಿಂದ ಬಂದ ಅಪ್‌ಡೇಟ್‌ಗಳಲ್ಲಿ, 24ಎಚ್2 ಮತ್ತು 25ಎಚ್2 ಎರಡರಲ್ಲೂ, ಅದನ್ನು ತಪಾಸಣೆ ಮಾಡಿ ನಿರಾಕರಿಸುತ್ತದೆ.

ಖಾತ್ರಿ ಮಾಡಿಕೊಳ್ಳಲು ಎರಡು ಕಂಪ್ಯೂಟರಿನಲ್ಲಿ ‘ಹೂಆ್ಯಮ್‌ಐ /ಯೂಸರ್’ ಕಮಾಂಡ್ ಕೊಡಿ. ಎಸ್-1-5-21 ಎಂದು ಸುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. ಲೋಕಲ್ ಖಾತೆಯಿಂದ ಒಳಗಿದ್ದಾಗ ನೋಡಿ. ಕೊನೆಯ ಹೈಫನ್ ನಂತರದ 1001ರಂಥ ಭಾಗ ಬಿಟ್ಟು ಮಿಕ್ಕಿದ್ದು ಎರಡರಲ್ಲೂ ಒಂದೇ ಇದ್ದರೆ ರೋಗ ಇದೇ. ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ ಎಲ್‌ಎಸ್‌ಎ ಹೆಸರಲ್ಲಿ 6167 ಕೂಡ ಕಾಣುತ್ತದೆ.

ಸರಿಯಾದ ದಾರಿ ಎರಡೇ: ಹೊಸದಾಗಿ ಇನ್‌ಸ್ಟಾಲ್ ಮಾಡುವುದು, ಅಥವಾ ಒಂದು ಕಂಪ್ಯೂಟರ್ ತಯಾರು ಮಾಡಿ ‘ಸಿಸ್‌ಪ್ರೆಪ್ /ಜನರಲೈಸ್’ ಕೊಟ್ಟು ಶಟ್‌ಡೌನ್ ಆದ ಮೇಲೆ ಅದರ ಕ್ಲೋನ್ ತೆಗೆದು ಹಾಕುವುದು. ನಡೆಯುತ್ತಿರುವ ವಿಂಡೋಸಿನ ಎಸ್‌ಐಡಿ ಬದಲಿಸುತ್ತೇವೆ ಎನ್ನುವ ಹೊರಗಿನ ಸಾಫ್ಟ್‌ವೇರ್ ಬಳಸಬೇಡಿ. ಹನ್ನೆರಡನ್ನೂ ಒಂದೇ ದಿನ ಮಾಡಲಾಗದಿದ್ದರೆ ಶೇರ್ ಕೊಡುವ ಕಂಪ್ಯೂಟರ್ ಒಂದನ್ನು ಮೊದಲು ಹೊಸದಾಗಿ ಮಾಡಿ. ಅದರ ಸಂಖ್ಯೆ ಬೇರೆಯಾದ ಕೂಡಲೇ ಉಳಿದ ಹನ್ನೊಂದರಿಂದ ಅದಕ್ಕೆ ದಾರಿ ತೆರೆಯುತ್ತದೆ.

ಇಲಕಲ್ಲ ಝೆರಾಕ್ಸ್:

ಝೆರಾಕ್ಸ್ ಮಶೀನಿನಿಂದ ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಹೋಗವಲ್ದು. ಮಶೀನು ‘ಲಾಗಿನ್ ಎರರ್’ ಅಂತೈತಿ.

ನವನಗರ ಲಿನಕ್ಸ್:

ಮಶೀನಿನ ಐಪಿಯನ್ನು ಬ್ರೌಸರಿನಲ್ಲಿ ಹಾಕಿ ಅದರ ವೆಬ್ ಪುಟ ತೆರೆಯಿರಿ. ಎಸ್‌ಎಂಬಿ ಆವೃತ್ತಿ 2 ಅಥವಾ 3 ಆರಿಸಲು ಬರುತ್ತದೆಯೇ, ದೃಢೀಕರಣದಲ್ಲಿ ಎನ್‌ಟಿಎಲ್‌ಎಂ (ಪಾಸ್‌ವರ್ಡ್ ಪರೀಕ್ಷಿಸುವ ವಿಧಾನ) ವಿ2 ಇದೆಯೇ ನೋಡಿ. ಎನ್‌ಟಿಎಲ್‌ಎಂ ವಿ1 ಅನ್ನು 24ಎಚ್2ನಲ್ಲಿ ತೆಗೆದೇ ಹಾಕಿದ್ದಾರೆ. ಫರ್ಮ್‌ವೇರ್ ಏರಿಸಿದರೆ ಕೆಲವು ಮಶೀನುಗಳಲ್ಲಿ ಈ ಆಯ್ಕೆಗಳು ಬರುತ್ತವೆ. ಬರದಿದ್ದರೆ ಎಸ್‌ಎಂಬಿ ಹಟ ಬಿಡಿ, ಮಶೀನಿನಲ್ಲಿ ‘ಸ್ಕ್ಯಾನ್ ಟು ಎಫ್‌ಟಿಪಿ’ (ಫೈಲ್ ಕಳಿಸುವ ಇನ್ನೊಂದು ಹಳೆಯ ವಿಧಾನ) ಇದೆಯೇ ನೋಡಿ. ನ್ಯಾಸ್‌ನಲ್ಲಿ ಎಫ್‌ಟಿಪಿ ಆನ್ ಮಾಡಿ, ಸ್ಕ್ಯಾನ್ ಫೋಲ್ಡರ್ ಒಂದನ್ನು ಬಿಟ್ಟು ಬೇರೇನೂ ಕಾಣದ ಪ್ರತ್ಯೇಕ ಯೂಸರ್ ಮಾಡಿ ಕೊಡಿ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಹರಿಯುತ್ತದೆ, ಹಾಗಾಗಿ ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ.

ಉದ್ಯಮಬಾಗ ಸಿಎನ್‌ಸಿ:

ನಮ್ಮ ಕಡೆ ತ್ರಾಸು ಬ್ಯಾರೆ ಐತ್ರಿ. ಸಿಎನ್‌ಸಿ (ಕಂಪ್ಯೂಟರಿನಿಂದ ನಡಿಯೂ ಮಶೀನು) ಕಂಟ್ರೋಲರಿನೊಳಗ ವಿಂಡೋಸ್ ಎಕ್ಸ್‌ಪಿ ಐತಿ, ಅದನ್ನ ಬದಲಿ ಮಾಡಾಕ ಬರೂದಿಲ್ಲ. ಪ್ರೋಗ್ರಾಮ್ ಕಳಸೋ ಕಂಪ್ಯೂಟರು 11 ಆತು. ಎಕ್ಸ್‌ಪಿಗೆ ಎಸ್‌ಎಂಬಿ 1 ಬಿಟ್ಟು ಬ್ಯಾರೆ ಗೊತ್ತಿಲ್ಲ. ಇಲ್ಲಿ ಟಿಕ್ ಹಾಕದ ಗತಿ ಇಲ್ಲೇನು?

ನವನಗರ ಲಿನಕ್ಸ್:

ಗತಿ ಇದೆ. ಎಸ್‌ಎಂಬಿ 1 ಬೇಕೇ ಬೇಕಾದ ಮಶೀನನ್ನು ಆಫೀಸಿನ ನೆಟ್‌ವರ್ಕಿನಿಂದ ಬೇರ್ಪಡಿಸಿ, ನಡುವೆ ಒಂದು ಲಿನಕ್ಸ್ ಪೆಟ್ಟಿಗೆ ಇಡಿ. ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪ್ ಸಾಕು, 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ. ಬೇಕಾದದ್ದು ಎರಡನೆಯ ಲ್ಯಾನ್ ಕಾರ್ಡು ಮತ್ತು ಸಿಎನ್‌ಸಿಗೆ ನೇರ ಒಂದು ಕೇಬಲ್. ಒಂದು ಕಾರ್ಡು ಆಫೀಸಿನ 192.168.1ರ ಸಾಲಿನಲ್ಲಿ. ಇನ್ನೊಂದಕ್ಕೆ 192.168.50.1, ಸಿಎನ್‌ಸಿಗೆ 192.168.50.10, ಸಿಎನ್‌ಸಿಯಲ್ಲಿ ಗೇಟ್‌ವೇ ಖಾಲಿ. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಬೇಡಿ, ಆಗ ಎಕ್ಸ್‌ಪಿಗೆ ಹೊರಗಿನ ಜಗತ್ತು ಕಾಣುವುದಿಲ್ಲ, ಹೊರಗಿನವರಿಗೆ ಅದೂ ಕಾಣುವುದಿಲ್ಲ.

ಲಿನಕ್ಸ್‌ಗೆ ‘ಸಾಂಬಾ’ (ಲಿನಕ್ಸಿನಿಂದ ವಿಂಡೋಸಿಗೆ ಫೈಲ್ ಹಂಚುವ ಸಾಫ್ಟ್‌ವೇರ್) ಮತ್ತು ‘ಸಿಐಎಫ್‌ಎಸ್-ಯುಟಿಲ್ಸ್’ ಹಾಕಿ. ಸಿಎನ್‌ಸಿಯ ಶೇರನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡಿ (ಜೋಡಿಸಿ), ಮೌಂಟ್ ಆಯ್ಕೆಯಲ್ಲಿ ‘ವರ್ಸ್=1.0’ ಇರಲೇಬೇಕು, ಇಲ್ಲದಿದ್ದರೆ ಲಿನಕ್ಸ್ ಕೂಡ ಎಸ್‌ಎಂಬಿ 2ರಿಂದಲೇ ಸುರು ಮಾಡಿ ಸೋಲುತ್ತದೆ. ಅದೇ ಫೋಲ್ಡರನ್ನು ಸಾಂಬಾದಿಂದ ಆಫೀಸಿನ ಕಡೆಗೆ ಶೇರ್ ಮಾಡಿ, ‘ಸರ್ವರ್ ಮಿನ್ ಪ್ರೋಟೋಕಾಲ್’ ಎಸ್‌ಎಂಬಿ2_02. ಸಾಂಬಾ 4.11ರಿಂದ, ಅಂದರೆ 2019ರಿಂದ, ಅದೇ ಡೀಫಾಲ್ಟ್. ಮೌಂಟ್ ಮಾಡುವುದು ಕರ್ನೆಲ್ (ಲಿನಕ್ಸಿನ ತಿರುಳು), ಅದು ಸಾಂಬಾದ ಕಾನ್ಫಿಗ್ ಫೈಲ್ ಓದುವುದಿಲ್ಲ. ಹಾಗಾಗಿ ಒಂದು ಕಡೆ 1, ಇನ್ನೊಂದು ಕಡೆ 3 ಒಟ್ಟಿಗೆ ನಡೆಯುತ್ತವೆ. ಸಾಂಬಾಗೆ ಪಾಸ್‌ವರ್ಡ್ ಬೇರೆಯೇ, ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ -ಎ’ ಕೊಟ್ಟು ಯೂಸರ್ ಹೆಸರು ಹಾಕಿ ಇಡಬೇಕು. ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ಇಲ್ಲಿ ನಡೆಯದು. ‘ಟೆಸ್ಟ್‌ಪಾರ್ಮ್’ ಓಡಿಸಿದರೆ ಕಾನ್ಫಿಗ್‌ನ ತಪ್ಪು ಅಲ್ಲೇ ತಿಳಿಯುತ್ತದೆ.

ರಾತ್ರಿ ಸಿಎನ್‌ಸಿ ಆಫ್ ಮಾಡಿದಾಗ ಮೌಂಟ್ ನೇತುಬೀಳುತ್ತದೆ, ಬೆಳಗ್ಗೆ ಫೋಲ್ಡರ್ ಮುಟ್ಟಿದ ಕಂಪ್ಯೂಟರ್ ನಿಂತಂತಾಗುತ್ತದೆ. ಅದಕ್ಕೆ ಎಫ್‌ಎಸ್‌ಟ್ಯಾಬ್‌ನ (ಮೌಂಟ್‌ಗಳ ಪಟ್ಟಿ ಇರುವ ಫೈಲ್) ಸಾಲಿಗೆ ‘ನೋಆಟೋ’, ‘ಸಾಫ್ಟ್’, ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿ, ಮುಟ್ಟಿದಾಗ ಮಾತ್ರ ಮೌಂಟ್ ಆಗುತ್ತದೆ. ಪ್ರೋಗ್ರಾಮ್ ಫೈಲಿನ ಹೆಸರು ಎಂಟು ಅಕ್ಷರದೊಳಗೆ, ಇಂಗ್ಲಿಷಿನಲ್ಲಿ ಇರಲಿ, ಉದ್ದ ಹೆಸರನ್ನು ಕಂಟ್ರೋಲರ್ ಪಟ್ಟಿಯಲ್ಲಿ ತೋರಿಸದೇ ಇರಬಹುದು.

ಉದ್ಯಮಬಾಗ ಸಿಎನ್‌ಸಿ:

ಮೌಂಟ್ ಮಾಡಿದ್ರ ಪರ್ಮಿಷನ್ ಡಿನೈಡ್, 13 ಅಂತ ಬರತೈತ್ರಿ.

ನವನಗರ ಲಿನಕ್ಸ್:

ಎಕ್ಸ್‌ಪಿಯಲ್ಲಿ ‘ಸಿಂಪಲ್ ಫೈಲ್ ಶೇರಿಂಗ್’ ಆನ್ ಇದ್ದರೆ ಯಾವ ಹೆಸರು ಕೊಟ್ಟರೂ ಅದು ಗೆಸ್ಟ್ ಎಂದೇ ಭಾವಿಸುತ್ತದೆ. ಎಕ್ಸ್‌ಪ್ಲೋರರಿನ ಟೂಲ್ಸ್, ಫೋಲ್ಡರ್ ಆಪ್ಷನ್ಸ್, ವ್ಯೂ ಪಟ್ಟಿಯ ಕೊನೆಯಲ್ಲಿದೆ, ಟಿಕ್ ತೆಗೆಯಿರಿ. ಅಲ್ಲಿನ ಖಾತೆಗೆ ಪಾಸ್‌ವರ್ಡ್ ಇಡಿ, ಮೌಂಟ್ ಆಯ್ಕೆಯಲ್ಲಿ ‘ಸೆಕ್=ಎನ್‌ಟಿಎಲ್‌ಎಂಎಸ್‌ಎಸ್‌ಪಿ’ ಹಾಕಿ.

ಬನಹಟ್ಟಿ ಡಿಸೈನ್:

ಮೂರೂ ಕಂಪ್ಯೂಟರ್ ಐಪಿಯಿಂದ ಮ್ಯಾಪ್ ಆದವು. ‘ಗೆಟ್-ಎಸ್‌ಎಂಬಿಕನೆಕ್ಷನ್’ ಕೊಟ್ಟು ನೋಡಿದ್ರ ಡಯಲೆಕ್ಟ್ (ಎಸ್‌ಎಂಬಿ ಆವೃತ್ತಿ) ಕಾಲಮಿನಾಗ 2.1 ಅಂತ ತೋರಸ್ತೈತಿ. ಇಷ್ಟ ಇದ್ರ ಸಾಕೇನ್ರಿ? ಮತ್ತ ಡಿಸೈನ್ ಸಾಫ್ಟ್‌ವೇರಿನಾಗ ‘ಇತ್ತೀಚಿನ ಫೈಲ್’ ಒತ್ತಿದ್ರ ಅರ್ಧ ನಿಮಿಷ ನಿಂತು ಆಮ್ಯಾಲ ಎರರ್ ಬರತೈತಿ. ಫೋಲ್ಡರಿನಿಂದ ತೆರದ್ರ ಕೂಡಲೇ ತೆರೀತೈತಿ.

ವಿಜಯಪುರ ಸರ್ವೀಸ್:

2.1 ಅಂದ್ರ ಸಹಿ ನಡೀತೈತಿ, ಎನ್‌ಕ್ರಿಪ್ಷನ್ ಇಲ್ಲ. ಅದು 3.0ದಿಂದ ಮ್ಯಾಲ. ತಂತಿಯ ಲ್ಯಾನಿನಾಗ, ನ್ಯಾಸ್‌ಗೆ ಇಂಟರ್ನೆಟ್ಟಿನ ದಾರಿ ಕೊಡದ ಇದ್ರ ಸದ್ಯಕ್ಕ ಇಷ್ಟರಾಗ ನಡಸ್ರಿ, ಮುಂದಿನ ನ್ಯಾಸ್ ತಗೊಳ್ಳೂವಾಗ ಎಸ್‌ಎಂಬಿ 3.1.1 ಐತೇನು ಕೇಳಿ ತಗೋರಿ. ‘ಇತ್ತೀಚಿನ ಫೈಲ್’ ಪಟ್ಟಿಯೊಳಗ ಹಳೇ ಹೆಸರಿನ ಪಾತ್ ಕುಂತೈತಿ, ಸಾಫ್ಟ್‌ವೇರು ಆ ಹೆಸರು ಹುಡುಕಿ ಹುಡುಕಿ ಸೋಲತೈತಿ. ಪಟ್ಟಿ ಖಾಲಿ ಮಾಡ್ರಿ, ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಅಳಿಸಿ ಹೊಸ ಮ್ಯಾಪಿನಿಂದ ಮತ್ತ ಮಾಡ್ರಿ. ಉಳಿದ ವಿಂಡೋಸ್ 10ರ ಕಂಪ್ಯೂಟರಿಗೂ ಅದರ ಹೆಸರು-ಪಾಸ್‌ವರ್ಡ್ ಹಾಕಿ ಐಪಿಯಿಂದನ ಮ್ಯಾಪ್ ಮಾಡ್ರಿ. ಗೆಸ್ಟ್ ತೆಗದಿರಿ, ನೆನಪಿದ್ದ ಹಳೇ ಕನೆಕ್ಷನ್ ಕಡದ ಕೂಡಲೇ ಅಲ್ಲೂ ಪಾಸ್‌ವರ್ಡ್ ಕೇಳತೈತಿ.